ನಲವತ್ತು ಚೌಕ ತೂತುಗಳು

ಮೈಲೂರ, ಬೀದರ
28 ಮಾರ್ಚ್ 2024

ಪ್ರೀತಿಯ ಆತ್ಯಾ,

ಸಪ್ರೇಮ ಜೈಭೀಮ.

ಫೋನು ಹಚ್ಚಿದರೆ ನಿಮ್ಮೊಬ್ಬರಿಗೆ ಕೇಳಿಸುವುದಿಲ್ಲ, ಓಣಿಗೆಲ್ಲ ಕೇಳಿಸುತ್ತದೆ. ಅದಕ್ಕೇ ಈ ಕಾಗದ. ಬರೆಯಲು ಕೂತಾಗ ಅಪ್ಪ ಹಿಂದೆ ಬಂದು ನಿಂತರು. "ತಪ್ಪಿಲ್ದಂಗ ಬರಿ. ನಮ್ಮಕ್ಕ ಮೂವತ್ತು ವರ್ಷ ಸಾಲಿ ಕಲಿಸ್ಯಾಳ, ಕೆಂಪು ಪೆನ್ನಿಲೆ ತಿದ್ದಿ ವಾಪಸ್ ಕಳಸ್ತಾಳ ನೋಡು" ಅಂದರು. ತಿದ್ದಿರಿ, ಪರವಾಗಿಲ್ಲ. ನನ್ನದೊಂದು ಕೆಲಸ ಮಾತ್ರ ಮಾಡಿಕೊಡಿ.

ಜೂನ್ ಐದು ಪರಿಸರ ದಿನ. ಆವತ್ತು ಬೀದರದಲ್ಲಿ ಒಂದು ಪ್ರದರ್ಶನವಿದೆ. ಜನ ಬಿಸಾಕಿದ ವಸ್ತುಗಳಿಂದಲೇ ಉಡುಪು ಹೊಲಿದು, ಅದನ್ನು ಹಾಕಿಕೊಂಡು ವೇದಿಕೆಯ ಮೇಲೆ ನಡೆಯಬೇಕು. ಫ್ಯಾಶನ್ ಅಂತ ನಗಬೇಡಿ, ಇದು ಕಲೆ. ನಮ್ಮ ಗಾಳಿ, ನಮ್ಮ ನೀರು ಏನಾಗುತ್ತಿದೆ ಎನ್ನುವುದು ನೋಡಿದವರ ಎದೆಗೆ ತಾಕಬೇಕು. ಗೆದ್ದವರ ಉಡುಪು ಹೈದರಾಬಾದಿನ ದೊಡ್ಡ ಪ್ರದರ್ಶನಕ್ಕೆ ಹೋಗುತ್ತದೆ. ಐದು ವರ್ಷದಿಂದ ಚಿತ್ರಕಲೆ ಶಿಕ್ಷಕಿ ಎಂದು ಮಕ್ಕಳಿಂದ ನವಿಲು, ಮಾವಿನಕಾಯಿ ಬರೆಸುತ್ತ ಬಂದಿದ್ದೇನೆ. ನನ್ನದು ಅಂತ ಒಂದು ಕೆಲಸವನ್ನು ನಾಲ್ಕು ಜನರ ಮುಂದೆ ಇಟ್ಟಿಲ್ಲ. ಈ ಸಲ ಇಡಲೇಬೇಕು ಅಂತ ಹಟ ಹಿಡಿದಿದ್ದೇನೆ.

ಇಲ್ಲೇ ಬೀದರ ಹತ್ತಿರದ ಕೊಳಾರದಲ್ಲಿ ಗುಜರಿ ಅಂಗಡಿಯ ಅರ್ಫಾತನ ಹತ್ತಿರ ನಲವತ್ತು ಕಪ್ಪು ಚೀಲ ಸಿಕ್ಕಿವೆ. ಯಾವುದೋ ಕಾರ್ಖಾನೆಯವು. ಕಪ್ಪೆಂದರೆ ನಮ್ಮ ಬಿದರಿ ಹೂಜಿಯ ಕಪ್ಪು, ನೋಡಿದ ಕೂಡಲೇ ಉಡುಪು ಕಣ್ಣ ಮುಂದೆ ಬಂತು. ಆದರೆ ಒಳಗೆ ಎಂಥದೋ ಪುಡಿ ಮೆತ್ತಿಕೊಂಡಿದೆ, ಘಾಟು ಇದೆ. ಅವ್ವ ಬಾಗಿಲಿಗೇ ಅಡ್ಡ ನಿಂತಳು. "ಇವು ಒಳಗ ಬಂದ್ರ ನಾ ಹೊರಗ" ಅಂದಳು. ನಮ್ಮಲ್ಲಿ ನಳ ಬರುವುದೂ ನಾಲ್ಕು ದಿನಕ್ಕೊಮ್ಮೆ. ಚಿಂತಾಕಿಯಲ್ಲಿ ನಿಮಗೆ ನೀರಿನ ತೊಂದರೆ ಇಲ್ಲವಲ್ಲ. ನಾಳೆಯ ಔರಾದ ಬಸ್ಸಿಗೆ ಗಂಟು ಹಾಕುತ್ತೇನೆ. ತೊಳೆದು ಒಣಗಿಸಿ ಅದೇ ಬಸ್ಸಿಗೆ ಮರಳಿ ಹಾಕಿ.

ನಿಮ್ಮ ವಿಶಾಖಾ


ಚಿಂತಾಕಿ, ತಾ. ಔರಾದ
3 ಏಪ್ರಿಲ್ 2024

ಚಿ. ವಿಶಾಖಾಳಿಗೆ ಕೌಸಲ್ಯಾಬಾಯಿಯ ಆಶೀರ್ವಾದಗಳು.

ಕಾಗದದಲ್ಲಿ ಮೂರು ತಪ್ಪು. ತಿದ್ದಿ ನನ್ನ ಬಳಿಯೇ ಇಟ್ಟುಕೊಂಡಿದ್ದೇನೆ, ಬಂದಾಗ ಕಿವಿ ಹಿಂಡುತ್ತೇನೆ.

ನಿನ್ನ ಗಂಟು ಬಂತು. ಕಂಡಕ್ಟರ್ ಅದನ್ನು ಬಸ್ಸಿನ ಒಳಗೇ ಬಿಟ್ಟುಕೊಂಡಿರಲಿಲ್ಲವಂತೆ. ಮೇಲಿನಿಂದ ಇಳಿಸಿಕೊಟ್ಟು, ಮೂಗು ಮುಚ್ಚಿಕೊಂಡು, "ಟೀಚರ್‌ಬಾಯಿ, ಇದರಾಗ ಏನ್ ತುಂಬೀರಿ?" ಎಂದು ಕೇಳಿದ. ಕಲೆ ತುಂಬಿದೆಯಪ್ಪಾ ಎಂದೆ.

ಮನೆಯ ಬಕೆಟ್ಟಿನಲ್ಲಿ ನಲವತ್ತು ಚೀಲ ಎಲ್ಲಿ ಮುಳುಗಬೇಕು? ಬೋರಿನ ಪಕ್ಕದಲ್ಲಿ ಸಿಮೆಂಟಿನ ತೊಟ್ಟಿ ಇದೆಯಲ್ಲ, ಅಲ್ಲಿಗೇ ಒಯ್ದೆ. ಅದರಲ್ಲಿ ನೀರು ಕುಡಿಯುವುದು ಮಗ್ಗುಲ ಮನೆಯ ಜ್ಞಾನೇಶ್ವರನ ಕುರಿಗಳು. ಅವನ್ನು ಈಗ ಗೊಬ್ಬರಕ್ಕೆಂದು ಔರಾದ ಕಡೆ ಒಬ್ಬರ ಹೊಲದಲ್ಲಿ ತರುಬಿದ್ದಾರೆ. ಐದನೆಯ ತಾರೀಕಿನವರೆಗೆ ತೊಟ್ಟಿಗೆ ಕೆಲಸವಿಲ್ಲ. ಒಂದು ದಿನ ಪೂರ್ತಿ ನೆನೆಹಾಕಿ, ಮರುದಿನ ಕಲ್ಲಿನ ಮೇಲೆ ಬಡಿದು ತೊಳೆದೆವು. ತೊಳೆದೆವು ಎಂದೆ, ಯಾಕೆಂದರೆ ಜ್ಞಾನೇಶ್ವರನ ಹೆಂಡತಿ ಕಾಜಲ ಸೀರೆ ಎತ್ತಿ ಕಟ್ಟಿಕೊಂಡು ತಾನೂ ಇಳಿದಳು. ಭಾಲ್ಕಿಯ ಹುಡುಗಿ, ಮದುವೆಯಾಗಿ ಎರಡು ವರ್ಷ, ಒಂದು ಕ್ಷಣ ಬಾಯಿಗೂ ಕೈಗೂ ಬಿಡುವಿಲ್ಲ. "ವಿಶಾಖಾ ಅಕ್ಕನ ಅಂಗಿಗಿ ನಂದೂ ಕೈ ಹತ್ತಲಿ ಬಿಡ್ರಿ" ಅಂದಳು. ಸಂಜೆಗೆ ಅಂಗೈ ಉರಿಯುತ್ತಿದೆ ಎಂದಳು, ಕೊಬ್ಬರಿ ಎಣ್ಣೆ ಹಚ್ಚಿ ಕಳಿಸಿದೆ. ತೊಟ್ಟಿ ಬರಿದು ಮಾಡಿ ಹೊಸ ನೀರು ಬಿಟ್ಟಿದ್ದೇವೆ.

ನಾನು ನಗುವುದಿಲ್ಲ ಮಗಳೇ. ನಮ್ಮ ವಿಹಾರದ ಭಂತೇಜಿ ಹೇಳುತ್ತಿದ್ದರು, ಭಗವಾನರ ಕಾಲದ ಭಿಕ್ಖುಗಳು ಜನ ಬಿಸಾಕಿದ ಅರಿವೆ ಆರಿಸಿ, ಒಗೆದು, ತುಂಡಿಗೆ ತುಂಡು ಜೋಡಿಸಿ ಚೀವರ ಹೊಲಿದುಕೊಳ್ಳುತ್ತಿದ್ದರಂತೆ. ನೀನು ಮಾಡುತ್ತಿರುವುದು ಹೊಸದೇನಲ್ಲ, ಎರಡೂವರೆ ಸಾವಿರ ವರ್ಷ ತಡವಾಗಿದೆ ಅಷ್ಟೇ.

ಎರಡು ಪ್ರಶ್ನೆ, ಎರಡಕ್ಕೂ ಉತ್ತರ ಬರೆಯತಕ್ಕದ್ದು. ಒಂದು, ಅದು ಯಾವ ಪುಡಿ? ಎರಡು, ಪ್ರತಿ ಚೀಲದ ನಡುವೆಯೂ ಅಂಗೈ ಅಗಲದ ಚೌಕ ತೂತು ಯಾಕಿದೆ? ಇಲಿ ಕಡಿದಿದ್ದರೆ ಇಷ್ಟು ನೆಟ್ಟಗೆ ಕಡಿಯುತ್ತಿರಲಿಲ್ಲ.

ನಿನ್ನ ಆತ್ಯಾ


ಮೈಲೂರ
10 ಏಪ್ರಿಲ್ 2024

ಪ್ರೀತಿಯ ಆತ್ಯಾ,

ಗಂಟು ತಲುಪಿತು. ಚೀಲಗಳು ಹೊಳೆಯುತ್ತಿವೆ! ಘಾಟು ಹೆಸರಿಗೂ ಇಲ್ಲ. ಅವ್ವ ಒಳಗೆ ಬಿಟ್ಟುಕೊಂಡಳು, ಮುಟ್ಟಿಯೂ ನೋಡಿದಳು. ನಿಮಗೂ ಕಾಜಲಳಿಗೂ ಎಷ್ಟು ಹೇಳಿದರೂ ಕಡಿಮೆ. ಅಂಗಿ ಗೆದ್ದರೆ ಅವಳನ್ನು ಹೈದರಾಬಾದಿಗೆ ಕರೆದುಕೊಂಡು ಹೋಗುತ್ತೇನೆ ಎಂದು ಹೇಳಿ.

ತೂತಿನ ವಿಷಯ ಏನೂ ಇಲ್ಲ. ಅಲ್ಲಿ ಕಂಪನಿಯ ಹೆಸರಿತ್ತು, ಸುಮ್ಮನೆ ಯಾಕೆ ತಂಟೆ ಎಂದು ಕತ್ತರಿಸಿದೆ. ಪುಡಿ ಯಾವುದೋ ಬಣ್ಣದ್ದಿರಬೇಕು, ತೊಳೆದ ಮೇಲೆ ಹೋಯಿತಲ್ಲ.

ಉಡುಪು ಹೇಗೆ ಎಂದು ಹೇಳಲೇ? ಕುತ್ತಿಗೆಯಿಂದ ಹಿಮ್ಮಡಿಯವರೆಗೆ ಕಪ್ಪು ನಿಲುವಂಗಿ. ಕಪ್ಪಿನ ಮೇಲೆ ಬೆಳ್ಳಿ ಕೂರಿಸುತ್ತೇನೆ, ಬಿದರಿ ಕೆಲಸದವರು ಕೂರಿಸಿದ ಹಾಗೆ. ದೂರದಿಂದ ನೋಡಿದವರು ಅಬ್ಬಾ ಎನ್ನಬೇಕು, ಹತ್ತಿರ ಬಂದವರು ಬಾಯಿ ಮುಚ್ಚಬೇಕು. ಯಾವ ಬೆಳ್ಳಿ ಎಂದು ಮಾತ್ರ ಕೇಳಬೇಡಿ, ಆವತ್ತೇ ನೋಡಿ. ಹದಿನಾಲ್ಕರ ಭೀಮ ಜಯಂತಿಗೆ ಊರಿಗೆ ಬರಲು ಆಗುವುದಿಲ್ಲ, ಸಿಟ್ಟಾಗಬೇಡಿ. ಕೆಲಸ ಬೆಟ್ಟದಷ್ಟಿದೆ.

ನಿಮ್ಮ ವಿಶಾಖಾ


ಚಿಂತಾಕಿ
26 ಏಪ್ರಿಲ್ 2024

ಚಿ. ವಿಶಾಖಾಳಿಗೆ ಆಶೀರ್ವಾದ.

ಜಯಂತಿ ಚೆನ್ನಾಯಿತು. ಮೆರವಣಿಗೆಯಲ್ಲಿ ನಾನು ನಡೆಯಲಿಲ್ಲ, ಮನೆಯ ಕಟ್ಟೆಯ ಮೇಲೆ ಕೂತು ನೋಡಿದೆ.

ಜ್ಞಾನೇಶ್ವರನ ಹನ್ನೊಂದು ಕುರಿ, ನಾಲ್ಕು ಮರಿ ಸತ್ತುಹೋದವು. ಹಿಂಡು ಐದನೆಯ ತಾರೀಕು ಊರಿಗೆ ಬಂದಿತ್ತು. ಆರರ ಮಧ್ಯಾಹ್ನ ಬಾಯಲ್ಲಿ ನೊರೆ ಬಂದು ಒಂದರ ಹಿಂದೊಂದು ಬಿದ್ದವು. ಮಾರ್ಚ್ ಕೊನೆಗೆ ಅಕಾಲದ ಮಳೆ ಬಿದ್ದಿತ್ತಲ್ಲ, ಕೊಯ್ದ ಜೋಳದ ಕೂಳೆಯೆಲ್ಲ ಚಿಗುರಿತ್ತು. ಆ ಚಿಗುರು ತಿಂದರೆ ಕುರಿ ಹೀಗೆಯೇ ಸಾಯುತ್ತವೆ ಎಂದು ಇಲ್ಲಿ ಕೂಸಿಗೂ ಗೊತ್ತು. ಆವತ್ತು ಕುರಿಗಳ ಹಿಂದೆ ಇದ್ದವಳು ಕಾಜಲ. ಮೈಮರೆತು ಜೋಳದ ಹೊಲಕ್ಕೆ ಬಿಟ್ಟಿದ್ದಾಳೆ ಎಂದು ಊರು ಒಂದೇ ಮಾತಿನಲ್ಲಿ ಹೇಳಿತು. ಔರಾದಿನಿಂದ ದನದ ಡಾಕ್ಟರು ಬರುವ ಹೊತ್ತಿಗೆ ಹೂಳಿ ಆಗಿತ್ತು. ಅತ್ತೆ ಗಂಗುಬಾಯಿ ಅವಳನ್ನು ಭಾಲ್ಕಿಗೆ, ತವರಿಗೆ ಕಳಿಸಿಬಿಟ್ಟರು. ಹೋಗುವಾಗ ಅವಳು ನನ್ನ ಮನೆಯ ಮುಂದೆ ಸ್ವಲ್ಪ ಹೊತ್ತು ನಿಂತಿದ್ದಳು. ನಾನು ಒಳಗಿದ್ದೆ.

ಪುಡಿ ಯಾವುದು ಎಂದು ನೀನು ಸರಿಯಾಗಿ ಬರೆಯಲಿಲ್ಲ. ಬರೆ.

ನಿನ್ನ ಆತ್ಯಾ


ಮೈಲೂರ
21 ಮೇ 2024

ಪ್ರೀತಿಯ ಆತ್ಯಾ,

ತಡವಾಯಿತು, ಕ್ಷಮಿಸಿ. ಬಿಡುವೇ ಇಲ್ಲ. ಪರೀಕ್ಷೆ, ಫಲಿತಾಂಶ, ಅದರ ಮೇಲೆ ಹೊಲಿಗೆ. ಚೀಲ ಗಟ್ಟಿ, ಮಶೀನಿನ ಸೂಜಿ ಏಳು ಮುರಿದವು. ಕೊನೆಗೆ ಮೋಚಿಯವರ ದಬ್ಬಣ ತಂದು ಕೈಯಲ್ಲೇ ಹೊಲಿದೆ. ತೂತುಗಳನ್ನು ಮುಚ್ಚದೆ ಕೆಳಗಿನ ಘೇರಿನಲ್ಲಿ ಹಾಗೇ ಬಿಟ್ಟಿದ್ದೇನೆ, ನಡೆದರೆ ಜಾಲರಿಯ ಹಾಗೆ ಕಾಣುತ್ತವೆ. ನಮ್ಮ ಹೆಡ್‌ಮಾಸ್ತರರು ಉಳಿದ ಶಿಕ್ಷಕರನ್ನೂ ಕರೆದು ತೋರಿಸಿದರು. ಒಬ್ಬರು ಪತ್ರಿಕೆಯವರು ಬಂದು ಫೋಟೋ ತೆಗೆದುಕೊಂಡು ಹೋದರು. ಏನೇನೋ ಕೇಳಿದರು, ನಾನು ಏನೇನೋ ಹೇಳಿದೆ.

ಕುರಿಗಳ ವಿಷಯ ಓದಿ ಬೇಜಾರಾಯಿತು. ಜೋಳದ ಚಿಗುರು ವಿಷ ಎಂದು ಪೇಟೆಯಲ್ಲಿ ಬೆಳೆದ ನನಗೇ ಗೊತ್ತು. ಕುರಿಯವರ ಮನೆಯ ಸೊಸೆಗೆ ಗೊತ್ತಿರಬೇಡವೇ? ಪಾಪ, ಚಿಕ್ಕ ವಯಸ್ಸು. ಪುಡಿಯ ಬಗ್ಗೆ ಅರ್ಫಾತನನ್ನು ಕೇಳಬೇಕು, ಸಿಕ್ಕಿಲ್ಲ.

ಐದನೆಯ ತಾರೀಕು ನೀವು ಬರಲೇಬೇಕು. ಬುದ್ಧ ಪೂರ್ಣಿಮೆಗೆ ಉಡುವ ಬಿಳಿ ಸೀರೆಯನ್ನೇ ಉಟ್ಟು ಬನ್ನಿ. ನನ್ನದು ಕಪ್ಪು, ನಿಮ್ಮದು ಬಿಳಿ, ಫೋಟೋ ಚೆನ್ನಾಗಿ ಬರುತ್ತದೆ. ಎರಡನೆಯ ಸಾಲಿನಲ್ಲಿ ಜಾಗ ಹಿಡಿಸಿರುತ್ತೇನೆ.

ವಿಶಾಖಾ


ಚಿಂತಾಕಿ
7 ಜೂನ್ 2024

ವಿಶಾಖಾ,

ನಾನು ಬಂದಿದ್ದೆ. ಎರಡನೆಯ ಸಾಲಿನಲ್ಲಿ, ಬಿಳಿ ಸೀರೆಯಲ್ಲೇ ಕೂತಿದ್ದೆ. ನೀನು ವೇದಿಕೆಯಿಂದ ಇಳಿಯುವುದರೊಳಗೆ ಎದ್ದು ಬಂದುಬಿಟ್ಟೆ. ಬಸ್ಸಿಗೆ ಹೊತ್ತಾಯಿತು ಎಂದು ನಿನ್ನ ಅಪ್ಪನಿಗೆ ಹೇಳಿದ್ದು ಸುಳ್ಳು.

ಚೆನ್ನಾಗಿತ್ತು. ಅದನ್ನು ಮೊದಲು ಹೇಳಬೇಕು, ಯಾಕೆಂದರೆ ಅದು ಖರೆ. ನೀನು ಕಪ್ಪು ನಿಲುವಂಗಿಯಲ್ಲಿ ಬಂದು ನಿಂತಾಗ ನನ್ನ ಮಗ್ಗುಲಿಗೆ ಕೂತ ಹೆಂಗಸು, "ಥೇಟ್ ಬಿದರಿ ಕೆಲಸ ಇದ್ದಂಗ ಅದಲ್ರಿ" ಅಂದಳು. ನನ್ನ ತಮ್ಮನ ಮಗಳು ಎಂದೆ. ಎದೆ ಉಬ್ಬಿತ್ತು. ಆಮೇಲೆ ನೀನು ನಾಲ್ಕು ಹೆಜ್ಜೆ ಮುಂದೆ ಬಂದೆ. ಎದೆಯ ತುಂಬ, ಭುಜದ ತುಂಬ ಬೆಳ್ಳಿ ಬಣ್ಣದ ಚೌಕಗಳು, ಒಂದೊಂದೂ ಅಂಗೈ ಅಗಲ. ನಾನು ಎಣಿಸಲಿಲ್ಲ. ಆ ತೂತುಗಳ ಅಳತೆ ನನ್ನ ಕೈಗೆ ನೆನಪಿತ್ತು. ಚೌಕದೊಳಗೆ ಕೆಂಪು ಗೆರೆ, ಗೆರೆಯೊಳಗೆ ಒಣಗಿದ ಮರ, ಸತ್ತು ಬಿದ್ದ ಮೀನು. ಕೆಳಗೆ ಇಂಗ್ಲಿಷಿನಲ್ಲಿ ಎರಡು ಸಾಲು. ನನ್ನ ಕಿವಿ ಹೋಗಿದೆ, ಕಣ್ಣು ಹೋಗಿಲ್ಲ. ನೀರಿಗೆ ಸೇರಿಸಬಾರದು, ದನಕರುಗಳಿಂದ ದೂರ ಇಡಬೇಕು ಎಂದಿತ್ತು. ಜನ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಿದ್ದರು.

ನಿನ್ನನ್ನು ಬೈಯಲು ಬರೆಯುತ್ತಿಲ್ಲ. ಬೈಯುವ ಬಾಯಿ ನನಗೆ ಉಳಿದಿಲ್ಲ. ಎರಡು ತಿಂಗಳಿಂದ ನಿನ್ನಿಂದ ಮುಚ್ಚಿಟ್ಟದ್ದನ್ನು ಇವತ್ತು ಬರೆಯುತ್ತೇನೆ, ಓದು.

ಚೀಲ ತೊಳೆದು ಎರಡು ದಿನಕ್ಕೆ ತೊಟ್ಟಿಯ ಮಗ್ಗುಲ ಹೊಂಡದಲ್ಲಿ ಆರು ಕಪ್ಪೆ ಸತ್ತು ತೇಲುತ್ತಿದ್ದವು. ತೊಟ್ಟಿಯ ಮೂಲೆಯಲ್ಲಿ ಬೂದು ಬಣ್ಣದ ರಾಡಿ ಉಳಿದಿತ್ತು. ಎರಡನ್ನೂ ನೋಡಿದೆ. ಬಿಸಿಲಿಗೆ ಸತ್ತಿರಬೇಕು ಅಂದುಕೊಂಡೆ, ಹಾಗೆ ಅಂದುಕೊಳ್ಳುವುದು ಹಗುರವಾಗಿತ್ತು. ಕುರಿ ಬಿದ್ದ ದಿನ ಗಂಗುಬಾಯಿ ಮೊದಲು ಓಡಿ ಬಂದದ್ದು ನನ್ನ ಹತ್ತಿರವೇ. "ಟೀಚರ್‌ಬಾಯಿ, ನೀರಿನ್ಯಾಗ ಏನರೆ ಇರಬಹುದೇನ್ರಿ? ಕುರಿ ಜ್ವಾಳದಾಗ ಹೋಗೇ ಇಲ್ಲ, ನೀವು ಚೀಲ ತೊಳೆದ ತೊಟ್ಟಿ ನೀರೇ ಕುಡದಾವ ಅಂತಾಳ ಕಾಜಲ" ಎಂದರು. ಊರಿಗೆಲ್ಲ ಅಕ್ಷರ ಕಲಿಸಿದ ನಾನು ಏನು ಹೇಳಿದೆ ಗೊತ್ತೇ? "ಅವು ಬರೀ ಸಕ್ಕರಿ ಚೀಲರಿ. ನೀರು ಛಲೋ ಅದ" ಎಂದೆ. ಬಾಯಿಂದ ತಾನಾಗಿ ಬಂತು. ಟೀಚರ್‌ಬಾಯಿ ಹೇಳಿದ ಮೇಲೆ ಸೊಸೆಯ ಮಾತು ಯಾರು ಕೇಳುತ್ತಾರೆ? ಆ ಹುಡುಗಿ ಊರು ಬಿಟ್ಟದ್ದು ಜೋಳದಿಂದಲ್ಲ, ನನ್ನ ಮಾತಿನಿಂದ.

ಭಾನುವಾರದ ವಂದನೆಯಲ್ಲಿ ಪಂಚಶೀಲ ಹೇಳಿಕೊಡುವವಳು ನಾನು. ಸುಳ್ಳಾಡುವುದಿಲ್ಲ ಎಂಬ ನಾಲ್ಕನೆಯ ಶೀಲ ಬಂದಾಗ ಎರಡು ತಿಂಗಳಿಂದ ಕೆಮ್ಮುತ್ತೇನೆ. ಉಳಿದವರು ಹೇಳಿ ಮುಗಿಸುತ್ತಾರೆ. ಕಳೆದ ವಾರ ಯಾರೋ ಪಾಪ, ಟೀಚರ್‌ಬಾಯಿಗೆ ಕೆಮ್ಮು ಎಂದು ಜ್ಯೇಷ್ಠಮಧು ತಂದುಕೊಟ್ಟರು. ನಾಚಿಕೆಯಿಂದ ನೆಲ ನೋಡುತ್ತ ಇಸಿದುಕೊಂಡೆ.

ಜ್ಞಾನೇಶ್ವರ ಉಳಿದ ಕುರಿ ಹೊಡೆದುಕೊಂಡು ದೂರ ಹೋಗಿದ್ದಾನೆ. ಹದಿನಾರಕ್ಕೆ, ಭಾನುವಾರ ಬರುತ್ತಾನಂತೆ. ಆವತ್ತು ವಂದನೆ ಮುಗಿಸಿ ಅವರ ಅಂಗಳಕ್ಕೆ ಹೋಗುತ್ತೇನೆ. ಅಷ್ಟರೊಳಗೆ ನಿನ್ನಿಂದ ಒಂದೇ ಒಂದು ಮಾತು ಬರಲಿ. ನಿನಗೆ ಗೊತ್ತಿತ್ತೇ?

ಕೌಸಲ್ಯಾಬಾಯಿ


ಮೈಲೂರ
10 ಜೂನ್ 2024

ಆತ್ಯಾ,

ಗೊತ್ತಿತ್ತು.

ಚೀಲ ಕೊಡುವಾಗಲೇ ಅರ್ಫಾತ ಹೇಳಿದ್ದ. "ಮನ್ಯಾಗ ತೊಳೀಬ್ಯಾಡ್ರಿ ಮೇಡಂ, ಖತರನಾಕ್ ಮಾಲ್ ಅದ" ಅಂದಿದ್ದ. ನಾನು ಅವನ ಮಾತು ಪಾಲಿಸಿದೆ. ನನ್ನ ಮನೆಯಲ್ಲಿ ತೊಳೆಯಲಿಲ್ಲ.

ಲೇಬಲ್‌ಗಳನ್ನು ಮೊದಲೇ ಕತ್ತರಿಸಿಕೊಂಡದ್ದು ತೊಳೆದರೆ ಹೊಳಪು ಹೋಗುತ್ತದೆ ಎಂದು. ಕಂಪನಿಯ ಹೆಸರು ಇತ್ತು ಎಂದು ನಿಮಗೆ ಬರೆದದ್ದು ಸುಳ್ಳು. ಆಗ ಆ ಸಾಲುಗಳನ್ನು ಓದಿರಲಿಲ್ಲ ಎಂದರೆ ನಂಬುವಿರಾ? ಮೀನಿನ ಚಿತ್ರ ನೋಡಿದೆ, ಎಷ್ಟು ಚೆನ್ನಾಗಿ ಕೂರುತ್ತದೆ ಎಂದುಕೊಂಡೆ. ಪೂರ್ತಿ ಓದಿದ್ದು ನಿಮ್ಮ ಏಪ್ರಿಲ್ ಕಾಗದ ಬಂದ ದಿನ. ಓದಿ, ನಿಮ್ಮ ಕಾಗದವನ್ನು ಗಾದಿಯ ಕೆಳಗೆ ತುರುಕಿದೆ. ಎರಡು ದಿನ ಹೊಲಿಗೆ ಮುಟ್ಟಲಿಲ್ಲ. ಮೂರನೆಯ ದಿನ ಮುಟ್ಟಿದೆ. ಅದಕ್ಕೂ ಮೇಲೆ, ಸೊಸೆಗೆ ಗೊತ್ತಿರಬೇಡವೇ ಎಂದು ನಿಮಗೇ ಬರೆದೆ. ಆ ಸಾಲು ನೆನಪಾದರೆ ಕನ್ನಡಿಯಲ್ಲಿ ಮುಖ ನೋಡಿಕೊಳ್ಳಲು ಆಗುವುದಿಲ್ಲ.

ಒಂದು ಕೇಳುತ್ತೇನೆ. ನನ್ನ ಉಡುಪು ಗೆದ್ದಿದೆ, ಹೈದರಾಬಾದಿನ ಪಟ್ಟಿ ಜೂನ್ ಇಪ್ಪತ್ತೈದಕ್ಕೆ ಪಕ್ಕಾ ಆಗುತ್ತದೆ. ಅಲ್ಲಿಯವರೆಗೆ ಹೇಳಬೇಡಿ ಆತ್ಯಾ. ಹದಿನಾರು ಅಲ್ಲ, ಇಪ್ಪತ್ತಾರಕ್ಕೆ ಹೋಗಿ. ಹತ್ತೇ ದಿನ. ಕುರಿ ಹೇಗೂ ಸತ್ತಿವೆ. ಅಲ್ಲಿ ಸಾವಿರಾರು ಜನ ನೋಡುತ್ತಾರೆ, ನಾಲ್ಕು ಜನಕ್ಕೆ ಬುದ್ಧಿ ಬಂದರೂ ಒಳ್ಳೆಯದೇ ಅಲ್ಲವೇ? ಇದು ಮುಗಿದುಹೋದರೆ ನಾನು ಮತ್ತೆ ನವಿಲು, ಮಾವಿನಕಾಯಿ.

ಮೇಲಿನ ಸಾಲುಗಳನ್ನು ಹೊಡೆದುಹಾಕಬೇಕು ಎಂದು ಪೆನ್ನು ಎತ್ತಿದೆ. ಹಾಕಲಿಲ್ಲ. ನಾನು ಎಂಥವಳು ಎಂದು ನೀವಾದರೂ ಸರಿಯಾಗಿ ಓದಿ.

ವಿಶಾಖಾ


ಚಿಂತಾಕಿ
17 ಜೂನ್ 2024

ವಿಶಾಖಾ,

ನಿನ್ನ ಕಾಗದ ಸಮಯಕ್ಕೆ ಬಂತು. ನೀನು ಕೇಳಿದ ಹತ್ತು ದಿನ ಕೊಡಲಿಲ್ಲ. ಅವು ಕೊಡಲು ನನ್ನವೂ ಅಲ್ಲ, ಕೇಳಲು ನಿನ್ನವೂ ಅಲ್ಲ, ಕಾಜಲಳವು.

ನಿನ್ನೆ ವಂದನೆಯಲ್ಲಿ ಶೀಲ ಬೇರೆಯವರು ಹೇಳಿಕೊಡಲಿ ಎಂದೆ. ಅಲ್ಲಿಂದ ಸೀದಾ ಜ್ಞಾನೇಶ್ವರನ ಅಂಗಳಕ್ಕೆ ಹೋದೆ. ಗಂಗುಬಾಯಿ ಕಂಬಳಿ ಹಾಸಲು ಬಂದರು, ಬೇಡ ಎಂದು ನಿಂತೇ ಹೇಳಿದೆ. ಸಕ್ಕರೆ ಚೀಲ ಅಲ್ಲ, ವಿಷದ ಚೀಲ. ಕಪ್ಪೆ ಸತ್ತದ್ದನ್ನು ನೋಡಿದ್ದೆ. ನಿಮಗೆ ಸುಳ್ಳು ಹೇಳಿದೆ. ಮೂವತ್ತು ವರ್ಷ ಪಾಠ ಮಾಡಿದ ಬಾಯಿ, ಮೂರು ಮಾತಿಗೆ ಒಣಗಿಹೋಯಿತು.

ಗಂಗುಬಾಯಿ ಆ ಕಂಬಳಿಯನ್ನು ಮಡಚಿ ಇಟ್ಟರು. ಬೈದಿದ್ದರೆ ತಾಳಿಕೊಳ್ಳುತ್ತಿದ್ದೆ. ಆಮೇಲೆ ಕಿವಿ ಕೇಳದ ನನಗಾಗಿ ಹತ್ತಿರ ಬಂದು, ಗಟ್ಟಿಯಾಗಿ, ಬಿಡಿಸಿ ಬಿಡಿಸಿ ಹೇಳಿದರು. "ಸಾಲಿ ಕಲಿಸಿದಾಕಿ ಅಂತ ನಿಮ್ಮ ಮಾತಿಗಿ ಸೊಸಿನ ಹೊರಗ ಹಾಕೀನ್ರಿ ನಾ. ಕುರಿ ಹ್ವಾದ್ರ ಮತ್ತ ಹುಟ್ಟತಾವ. ಆಕಿ ಮುಂದ ಯಾವ ಮುಖ ತಗೊಂಡು ನಿಂದರ್ಲಿರಿ?"

ಜ್ಞಾನೇಶ್ವರ ಕೇಳಿದ್ದು ಒಂದೇ. "ವಿಷದ್ದವ ಅಂತ ಮದ್ಲೇ ಯಾರಿಗಿ ಗೊತ್ತಿತ್ತುರಿ?"

"ನನಗ ಗೊತ್ತಿತ್ತು" ಎಂದುಬಿಟ್ಟೆ.

ನಿನ್ನ ಹೆಸರು ಗಂಟಲವರೆಗೆ ಬಂದಿತ್ತು ಮಗಳೇ, ಹೊರಗೆ ಬರಲಿಲ್ಲ. ನೀನು ಹುಟ್ಟಿದಾಗ ಮೊದಲು ಎತ್ತಿಕೊಂಡವಳು ನಾನು. ಒಂದು ಸುಳ್ಳು ಒಪ್ಪಿಕೊಳ್ಳಲು ಹೋಗಿ ಇನ್ನೊಂದು ಹೇಳಿ ಬಂದೆ. ವಿಹಾರದ ಮುಂದೆ ಹಾಯುವಾಗ ತಲೆ ಎತ್ತಲು ಆಗಲಿಲ್ಲ.

ಜ್ಞಾನೇಶ್ವರ ಹಾರೆ ತಂದು ತೊಟ್ಟಿ ಒಡೆದು ಹಾಕಿದ. ದಿನಾ ಬೆಳಿಗ್ಗೆ ಅವರ ಮನೆಯಿಂದ ಒಂದು ಚೆಂಬು ಮಜ್ಜಿಗೆ ಬರುತ್ತಿತ್ತು. ಇವತ್ತು ಬರಲಿಲ್ಲ. ನನಗೆ ನೀನು ಏನೂ ಬರೆಯಬೇಡ. ಬರೆಯುವುದಿದ್ದರೆ ಭಾಲ್ಕಿಗೆ ಬರೆ.

ಆತ್ಯಾ


ಭಾಲ್ಕಿ
20 ಜೂನ್ 2024

ಆತ್ಯಾ,

ಭಾಲ್ಕಿಗೆ ಬರೆಯಲಿಲ್ಲ, ಬಂದೆ. ಇದನ್ನು ಇಲ್ಲಿನ ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಔರಾದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಡುತ್ತೇನೆ, ನಾಳೆ ನಿಮಗೆ ಸಿಗುತ್ತದೆ.

ನಿಮ್ಮ ಕಾಗದದಲ್ಲಿ "ನನಗ ಗೊತ್ತಿತ್ತು" ಎಂಬಲ್ಲಿಗೆ ಬಂದಾಗ ಮುಂದೆ ಓದಲು ಆಗಲಿಲ್ಲ. ಅದನ್ನು ಅಪ್ಪನ ಕೈಗೆ ಕೊಟ್ಟೆ. ಅವರು ಓದಿ, ಮಡಚಿ, ಮರಳಿ ಕೊಟ್ಟರು. ನನ್ನ ಜೊತೆ ಇನ್ನೂ ಮಾತಾಡಿಲ್ಲ. ಪ್ರದರ್ಶನದವರಿಗೆ ಉಡುಪು ಹೈದರಾಬಾದಿಗೆ ಬರುವುದಿಲ್ಲ ಎಂದು ಬರೆದುಕೊಟ್ಟೆ, ಕಾರಣವನ್ನೂ ಬರೆದೆ. ಒಬ್ಬರು ಫೋನ್ ಮಾಡಿ, "ಅಯ್ಯ ಬಿಡ್ರಿ ಮೇಡಂ, ಹಳ್ಯಾಗ ನಾಕು ಕುರಿ ಸತ್ರ ಯಾರು ಕೇಳ್ತಾರ" ಅಂದರು. ಅವರ ಮೇಲೆ ಸಿಟ್ಟು ಮಾಡುವ ಹಕ್ಕು ನನಗಿರಲಿಲ್ಲ. ನಾನೂ ಎರಡು ತಿಂಗಳು ಅದನ್ನೇ ಅಂದುಕೊಂಡವಳು.

ಕಾಜಲ ಜಗಲಿಯಲ್ಲಿ ಮೊರ ಇಟ್ಟುಕೊಂಡು ತೊಗರಿಬೇಳೆ ಆರಿಸುತ್ತಿದ್ದಳು. "ಬಾ ಅಕ್ಕ" ಎಂದು ಎದ್ದು ಮೊದಲು ಒಂದು ತಂಬಿಗೆ ನೀರು ತಂದುಕೊಟ್ಟಳು. ಇಸಿದುಕೊಂಡೆ, ಕುಡಿಯಲು ಆಗಲಿಲ್ಲ. ಅವಳ ಅಂಗೈಯ ಚರ್ಮ ಸುಲಿದು, ಹೊಸ ಚರ್ಮ ಇನ್ನೂ ಗುಲಾಬಿ ಬಣ್ಣದಲ್ಲಿದೆ. ಬೇಳೆ ಆರಿಸುವಾಗ ಬೆರಳ ತುದಿಗಳನ್ನಷ್ಟೇ ಆಡಿಸುತ್ತಾಳೆ. ನಾನು ಎಲ್ಲ ಹೇಳಿದೆ. ಅರ್ಫಾತ ಹೇಳಿದ್ದು, ನಾನು ಕತ್ತರಿಸಿದ್ದು, ಓದಿದ ಮೇಲೂ ಸುಮ್ಮನಿದ್ದದ್ದು, ಅವಳ ಬಗ್ಗೆ ನಿಮಗೆ ಬರೆದ ಆ ಸಾಲು ಕೂಡ. ಅವಳು ಮೊರದಿಂದ ಕಣ್ಣು ತೆಗೆಯಲಿಲ್ಲ.

"ಕುರಿ ಜ್ವಾಳದ ಹೊಲದಾಗ ಹೆಜ್ಜಿ ಇಟ್ಟಿಲ್ಲ ಅಂತ ನೂರು ಸಲ ಹೇಳೀನಿ ಅಕ್ಕ. ನಮ್ಮ ಮನ್ಯಾಗ ಹೇಳ್ದೆ, ಊರ ಮುಂದ ಹೇಳ್ದೆ. ಕಡೀಕ ನಂಗೇ ಅನುಮಾನ ಬರ್ಲಕತ್ತಿತ್ತು, ಎಲ್ಲಿ ನಾನೇ ಬಿಟ್ಟೀನೇನೋ ಅಂತ" ಎಂದಳು.

ಉಡುಪು ನನ್ನ ಚೀಲದಲ್ಲಿತ್ತು. ಯಾಕೆ ತಂದಿದ್ದೆ ಎಂದು ನನಗೇ ಗೊತ್ತಿಲ್ಲ. ತೋರಿಸು ಎಂದಳು. ಹೊರಸಿನ ಮೇಲೆ ಹಾಸಿದೆ. ಸುತ್ತ ಒಂದು ಸಲ ತಿರುಗಿ ನೋಡಿದಳು, ಹೊಲಿಗೆ ಎಳೆದು ನೋಡಿದಳು, ಭಾಳ ಚಂದ ಆಗಿದೆ ಎಂದಳು. ವ್ಯಂಗ್ಯವಿರಲಿಲ್ಲ ಆತ್ಯಾ, ಖರೇನೇ ಅಂದಳು. ಆಮೇಲೆ ಎದೆಯ ಮೇಲಿನ ಒಂದು ಚೌಕದ ಮೇಲೆ ಆ ಗುಲಾಬಿ ಬೆರಳು ಇಟ್ಟಳು.

"ಇಂಗ್ಲೀಷ ನಂಗ ಓದ್ಲಕ ಬರಲ್ಲ ಅಕ್ಕ. ಸತ್ತ ಮೀನ ನೋಡಿದ್ರ ತಿಳೀತದ. ಇದು ಚೀಲದ ಮ್ಯಾಲೇ ಇದ್ದಿದ್ರ ನಾ ತೊಟ್ಟಿಗಿ ಹಾಕ್ಲಿಕ್ಕೇ ಬಿಡ್ತಿದ್ದಿಲ್ಲ."

ಓದಲು ಬಾರದವರಿಗೂ ತಿಳಿಯಲಿ ಎಂದೇ ಯಾರೋ ಆ ಚಿತ್ರ ಬರೆದಿದ್ದರು. ಚಿತ್ರ ಕಲಿಸುವ ನಾನು ಅದನ್ನು ಕಿತ್ತು ಓದಲು ಬರುವವರ ಮುಂದೆ ಮೆರೆದೆ. ಅವಳೆದುರು ಕೂತು ಅತ್ತೆ. ಅವಳು ಸಮಾಧಾನ ಮಾಡಲಿಲ್ಲ, ಮಾಡಬೇಕಾದದ್ದೂ ಅಲ್ಲ. ಬೇಳೆ ಆರಿಸಿ ಮುಗಿಸಿದಳು.

ಊರಿಗೆ ಬರುತ್ತೀಯಾ ಎಂದು ಕೇಳಿದೆ. "ಅತ್ತಿ ಬಂದು ಕರೀಲಿ. ಅದಕ್ಕಿಂತ ಮದ್ಲ ಊರಿಗಿ ಖರೆ ಗೊತ್ತಾಗ್ಲಿ. ಆಮ್ಯಾಲ ಬರ್ತೇನಿ" ಎಂದಳು. ನಾನು ಹೊರಡುವಾಗ ಬಾಗಿಲವರೆಗೆ ಬರಲಿಲ್ಲ.

ಲೇಬಲ್‌ಗಳನ್ನು ಬಿಚ್ಚುತ್ತಿದ್ದೇನೆ. ಶನಿವಾರದೊಳಗೆ ನಲವತ್ತನ್ನೂ ಅವವೇ ತೂತುಗಳಿಗೆ ಮರಳಿ ಹೊಲಿಯುತ್ತೇನೆ. ಇಂಥ ಚೀಲಗಳನ್ನು ಎಲ್ಲಿ ಒಪ್ಪಿಸಬೇಕೋ ಕೇಳಿಕೊಂಡು ಅಲ್ಲಿಗೇ ಒಯ್ಯುತ್ತೇನೆ. ಇನ್ನೆಲ್ಲೂ ತೊಳೆಯುವುದಿಲ್ಲ.

ಭಾನುವಾರ ಮೊದಲ ಬಸ್ಸಿಗೆ ಚಿಂತಾಕಿಗೆ ಬರುತ್ತೇನೆ. ಮನೆಗೆ ಬರುವುದಿಲ್ಲ, ಸೀದಾ ಬೋರಿನ ಹತ್ತಿರ, ಒಡೆದ ತೊಟ್ಟಿಯ ಕಡೆಗೆ ಹೋಗುತ್ತೇನೆ. ಜ್ಞಾನೇಶ್ವರನಿಗೂ ಗಂಗುಬಾಯಿಯವರಿಗೂ ಅಲ್ಲಿಗೆ ಬರಲು ಹೇಳಿ, ಓಣಿಯವರಿಗೂ ಹೇಳಿ. ಮೊದಲೇ ಯಾರಿಗೆ ಗೊತ್ತಿತ್ತು ಎಂದು ಜ್ಞಾನೇಶ್ವರ ಇನ್ನೊಮ್ಮೆ ಕೇಳಲಿ.

ಈ ಸಲ ನೀವು ಉತ್ತರ ಕೊಡಬೇಡಿ ಆತ್ಯಾ.

ವಿಶಾಖಾ